ಸೆಲೂ ಕುದುರೆ ಬಿಟ್ಟು ನಡೆದದ್ದು ಯಾಕೆ?

ಪ್ರಶ್ನೆ: ಇಂಗ್ಲಿಷ್ ಬೇಟೆಗಾರ ಫ್ರೆಡರಿಕ್ ಸೆಲೂ ಆನೆ ಬೇಟೆಗೆ ನಡೆದುಕೊಂಡೇ ಹೋಗುತ್ತಿದ್ದನಂತೆ. ಕುದುರೆ ಹತ್ತಿದರೆ ಗಂಡಸುತನಕ್ಕೆ ಕಡಿಮೆ ಅಂತ ಬಿಟ್ಟನಂತೆ, ನಿಜಾನಾ?

ಎಷ್ಟು ಸಲ ಹೇಳಿದರೂ ಈ ಕತೆ ಸಾಯುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ. ಅವನನ್ನು ಕುದುರೆಯಿಂದ ಇಳಿಸಿದ್ದು ಒಂದು ನೊಣ.

ಸೆಲೂಗೆ ಕುದುರೆ ಇತ್ತು, ಚೆನ್ನಾಗಿ ಓಡಿಸುತ್ತಲೂ ಇದ್ದ. 1871ರಲ್ಲಿ, 19ನೇ ವಯಸ್ಸಿಗೆ ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದವನು, ಮರುವರ್ಷ ಕುದುರೆ ಮೇಲೆ ಜಿರಾಫೆ ಅಟ್ಟಿಸಿಕೊಂಡು ಹೋಗಿಯೇ ದಾರಿ ತಪ್ಪಿದ. ರಾತ್ರಿ ಕುದುರೆಯೂ ಕಳೆದುಹೋಯಿತು. ಅನ್ನ ನೀರಿಲ್ಲದೆ, ಕೊರೆಯುವ ಚಳಿಯಲ್ಲಿ ದಿನಗಟ್ಟಲೆ ಅಲೆದ. ಕುದುರೆ ಬೇಡ ಅನ್ನುವವನ ಕತೆಯೇನ್ರೀ ಇದು?

ಈಗ ನೊಣಕ್ಕೆ ಬನ್ನಿ. ತ್ಸೆತ್ಸೆ ನಮ್ಮ ಮನೆ ನೊಣಕ್ಕಿಂತ ಸ್ವಲ್ಪ ದೊಡ್ಡದು. ಕೂತಾಗ ರೆಕ್ಕೆಗಳನ್ನು ಮುಚ್ಚಿದ ಕತ್ತರಿಯ ಅಲಗಿನ ಹಾಗೆ ಒಂದರ ಮೇಲೊಂದು ಇಟ್ಟುಕೊಳ್ಳುತ್ತದೆ. ಅದು ಕಚ್ಚಿದರೆ ಕುದುರೆ, ಎತ್ತು, ನಾಯಿ ಸೊರಗಿ ಸೊರಗಿ ಸಾಯುತ್ತವೆ. ನೊಣಕ್ಕೇ ವಿಷ ಇದೆ ಅಂತ ಆಗ ಎಲ್ಲರೂ ನಂಬಿದ್ದರು. ಅದು ರಕ್ತಕ್ಕೆ ದಾಟಿಸುವ ಸೂಕ್ಷ್ಮಜೀವಿಯನ್ನು ಬ್ರಿಟಿಷ್ ಸೇನೆಯ ವೈದ್ಯ ಡೇವಿಡ್ ಬ್ರೂಸ್ ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನಲ್ಲಿ ಕಂಡುಕೊಂಡದ್ದು 1890ರ ದಶಕದಲ್ಲಿ. ಕಾಡೆಮ್ಮೆಯ ರಕ್ತದಲ್ಲೂ ಅದೇ ಜೀವಿ ಇರುತ್ತದೆ, ಕಾಡೆಮ್ಮೆಗೆ ಏನೂ ಆಗುವುದಿಲ್ಲ.

1860ರ ದಶಕದಲ್ಲಿ ವಿಲಿಯಂ ಫಿನಾಟಿಯಂಥವರು ಕುದುರೆ ಮೇಲೇ ಆನೆ ಹೊಡೆಯುತ್ತಿದ್ದರು. ಕುದುರೆ ಓಡುವ ಬಯಲಲ್ಲಿ ಆನೆ ಖಾಲಿಯಾದವು. ಉಳಿದವು ಇದ್ದದ್ದು ನೊಣದ ಕಾಡಿನಲ್ಲಿ. ಇಂದಿನ ಜಿಂಬಾಬ್ವೆಯ ಮಟಬೆಲೆ ಜನರ ರಾಜ ಲೊಬೆಂಗುಲಾನ ಅಪ್ಪಣೆ ಪಡೆದು ಸೆಲೂ ಬಂದಾಗ ಸ್ಥಿತಿ ಹೀಗಿತ್ತು. ಹಾಗಾಗಿ ಎತ್ತಿನ ಗಾಡಿ, ಕುದುರೆ ಎಲ್ಲ ನೊಣದ ಗಡಿಯ ಈಚೆಗೇ ನಿಂತವು. ಮುಂದಕ್ಕೆ ನಡಿಗೆ. ಟೋಪಿ, ಅಂಗಿ, ಚಪ್ಪಟೆ ಚರ್ಮದ ಶೂ, ಅಷ್ಟೇ. ಚಡ್ಡಿಯೂ ಇಲ್ಲ. ಬಟ್ಟೆಯಿಲ್ಲದ ಕಾಲಿನ ಮೇಲೆ ಮುಳ್ಳೂ ಗೀರುತ್ತಿತ್ತು, ಅದೇ ನೊಣವೂ ಕಚ್ಚುತ್ತಿತ್ತು. ಆದರೆ ಕುದುರೆ, ಎತ್ತುಗಳನ್ನು ಕೊಲ್ಲುವ ಆ ರೋಗ ಮನುಷ್ಯನಿಗೆ ಬರುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಡಿಗೆಗಿಂತ ಜಾಸ್ತಿ ಅವನನ್ನು ಹಣ್ಣು ಮಾಡಿದ್ದು ಅವನದೇ ಬಂದೂಕು. ಬಾಯಿಂದ ಮದ್ದು ತುಂಬುವ ನಾಲ್ಕು ಬೋರಿನದು, ಅಂದರೆ ಒಂದು ಪೌಂಡ್ ಸೀಸಕ್ಕೆ ನಾಲ್ಕೇ ಗುಂಡು ಆಗುವಷ್ಟು ದಪ್ಪ ನಳಿಗೆಯದು. ಒಂದೊಂದು ಗುಂಡೂ ಸುಮಾರು 110 ಗ್ರಾಂ. ಸೊಂಟದ ಚರ್ಮದ ಚೀಲಕ್ಕೆ ಕೈ ಹಾಕಿ, ಮದ್ದನ್ನು ಹಿಡಿಯಲ್ಲೇ ತೆಗೆದು ಸುರಿಯುವುದು. ಒಮ್ಮೆ ಗುಂಡು ಹಾರಲಿಲ್ಲ. ಗಡಿಬಿಡಿಯಲ್ಲಿ ಅದರ ಮೇಲೇ ಇನ್ನೊಂದು ಸಲ ಮದ್ದು ತುಂಬಲಾಗಿತ್ತು. ಟ್ರಿಗರ್ ಎಳೆದ ತಕ್ಷಣ ಸೆಲೂ ನೆಲ ಬಿಟ್ಟು ಮೇಲೆದ್ದು, ಗಾಳಿಯಲ್ಲೇ ತಿರುಗಿ ಮುಖ ಅಡಿಯಾಗಿ ಬಿದ್ದ, ಬಂದೂಕು ಹೆಗಲ ಮೇಲಿಂದ ಹಾರಿಹೋಯಿತು, ಕೆನ್ನೆ ಸೀಳಿತು. ಈ ಬಂದೂಕುಗಳ ಒದೆತದಿಂದ ನರಗಳೇ ಕೆಟ್ಟು ಆಮೇಲೆ ಗುರಿಯೂ ತಪ್ಪತೊಡಗಿತು, ಇವನ್ನು ಮುಟ್ಟಲೇಬಾರದಿತ್ತು ಅಂತ ಅವನೇ ಬರೆದಿದ್ದಾನೆ.