ಶಿರಸಿ ಕಡೆ ಎರಡು ಎಕರೆ ಕಾಡು ಸಿಗಬಹುದೇ?

ಪ್ರಶ್ನೆ: ನಾನು ಕಾರವಾರದವನು, ಇಪ್ಪತ್ತು ವರ್ಷದಿಂದ ಹುಬ್ಬಳ್ಳಿಯಲ್ಲಿ ನೌಕರಿ. ಶಿರಸಿ, ಕುಮಟಾ ಕಡೆ ಎಲ್ಲಾದರೂ ಒಂದೆರಡು ಎಕರೆ ಕಾಡು ಕೊಂಡು, ತೋಟ ಮಾಡದೆ, ರೆಸಾರ್ಟ್ ಕಟ್ಟದೆ, ಕಾಡಾಗಿಯೇ ಇಟ್ಟುಕೊಳ್ಳುವ ಆಸೆಯಿದೆ. ತಿಂಗಳಿಗೊಮ್ಮೆ ಬಂದು ಕೂತು ಹೋದರೆ ಸಾಕು. ಸಾಧ್ಯವೇ?

ಉತ್ತರ: ಉತ್ತರ ಕನ್ನಡದಲ್ಲಿ ಕಾಡು ಮಾರಾಟಕ್ಕಿಲ್ಲ. ಮಾರಾಟಕ್ಕಿರುವುದು ಮಾಲ್ಕಿ ಜಮೀನು, ಅಂದರೆ ಖಾಸಗಿ ಒಡೆತನದ ನೆಲ. ಅದರ ಮೇಲೆ ಮರ ಇದ್ದರೆ ನಿಮ್ಮ ಪುಣ್ಯ, ಇಲ್ಲದಿದ್ದರೆ ಬರುವವರೆಗೆ ಕಾಯುವ ಕೆಲಸ ನಿಮ್ಮದು. ಇಷ್ಟಕ್ಕೆ ಒಪ್ಪಿದರೆ ನಿಮ್ಮ ಆಸೆ ಈಡೇರುವಂಥದ್ದೇ.

ಸುಮಾರು ಹತ್ತು ಸಾವಿರ ಚದರ ಕಿಲೋಮೀಟರಿನ ಈ ಜಿಲ್ಲೆಯಲ್ಲಿ ಶೇ. 80ರ ಆಸುಪಾಸು ಅರಣ್ಯ. ಉಳಿದ ಐದನೇ ಒಂದು ಪಾಲಿನಲ್ಲೇ ಊರು, ಗದ್ದೆ, ತೋಟ, ರಸ್ತೆ ಎಲ್ಲ ಹಿಡಿಸಬೇಕು. ಹಾಗಾಗಿ ದಲ್ಲಾಳಿ ನಿಮ್ಮನ್ನು ದಟ್ಟ ಮರಗಳ ನಡುವೆ ನಿಲ್ಲಿಸಿ ‘ಇದೇ ಜಾಗ ನೋಡಿ ಸರ್’ ಅಂದಾಗ ಮೈ ಜುಮ್ಮೆನ್ನುವುದಕ್ಕಿಂತ ಮೊದಲು ಅನುಮಾನ ಹುಟ್ಟಬೇಕು. ಅಷ್ಟು ಚೆಂದದ ಕಾಡು ಖಾಸಗಿಯವರ ಹೆಸರಲ್ಲಿ ಇರುವುದು ಅಪರೂಪ.

ನಾನೂ ಹೀಗೆ ಒಮ್ಮೆ ಹಳ್ಳಕ್ಕೆ ಬೀಳುವುದರಲ್ಲಿದ್ದೆ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟಕ್ಕಿಂತ ಸ್ವಲ್ಪ ಈಚೆ, ಹೊನ್ನೆ, ಮತ್ತಿ, ಮುರುಗಲು (ಕೋಕಂ) ತುಂಬಿದ ಮೂರು ಎಕರೆ. ದರವೂ ಕೈಗೆಟುಕುವಷ್ಟೇ. ಮುಂಗಡ ಕೊಡುವ ಮುನ್ನ ಪಕ್ಕದ ಮನೆಯಲ್ಲಿ ನೀರು ಕುಡಿಯಲು ಹೋದಾಗ ಅಲ್ಲಿಯ ಅಜ್ಜ ಎಲೆ ಅಡಕೆಯ ಕವಳ ಹಾಕುತ್ತಲೇ ಒಂದು ಮಾತು ಹೇಳಿದರು: ‘ಬೆಟ್ಟ ಸೊಪ್ಪಿಗೆ ಕೊಟ್ಟಿದ್ದು ತಮಾ, ಮಾರಲೆ ಅಲ್ಲ.’

ಬೆಟ್ಟ ಎಂದರೆ ಘಟ್ಟದ ಮೇಲಿನವರಿಗೆ ಗುಡ್ಡವಲ್ಲ, ಅದೊಂದು ಹಕ್ಕಿನ ಹೆಸರು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದಲೂ ಅಡಕೆ ತೋಟದವರಿಗೆ ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಕಟ್ಟಿಗೆಗೆಂದು ತೋಟಕ್ಕೆ ಹೊಂದಿಕೊಂಡ ಕಾಡನ್ನು ಬಿಟ್ಟುಕೊಟ್ಟಿದ್ದಾರೆ. ಒಂದು ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ. ಅನುಭವಿಸುವುದು ತೋಟದವರು, ನೆಲ ಸರ್ಕಾರದ್ದು. ಮೂರು ತಲೆಮಾರು ಬೇಲಿ ಕಟ್ಟಿ, ಅಗಳ ತೆಗೆದು ಕಾಯ್ದುಕೊಂಡು ಬಂದವರು ‘ನಮ್ಮ ಬೆಟ್ಟ’ ಅನ್ನುವುದು ಸಹಜ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಬಿಡಿಯಾಗಿ ಕ್ರಯಪತ್ರ ಮಾಡಿಕೊಡಲು ಬರುವುದಿಲ್ಲ.

ಇನ್ನೊಂದು ಬಗೆ ಅತಿಕ್ರಮಣದ ಜಾಗ. ಇದರ ಹಿಂದೆ ಬಡವರ ದೊಡ್ಡ ಕತೆಯಿದೆ, ಅದನ್ನು ಹಗುರಾಗಿ ಆಡಬಾರದು. ಕೊಳ್ಳುವವರಿಗೆ ಮುಖ್ಯವಾದದ್ದು ಇಷ್ಟು: 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೂ ಆ ಭೂಮಿ ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರಲು ಬರುವುದಿಲ್ಲ. ಹಕ್ಕುಪತ್ರವೇ ಇಲ್ಲದಿದ್ದರೆ ಕೇಳುವುದೇ ಬೇಡ. ‘ಬಾಂಡ್ ಪೇಪರ್ ಮೇಲೆ ಬರೆದುಕೊಡ್ತೇವೆ, ಊರಲ್ಲೆಲ್ಲ ಹೀಗೇ ನಡೆಯೋದು’ ಅಂದರೆ ಕೈಮುಗಿದು ಎದ್ದುಬನ್ನಿ.

ಹಾಗಾದರೆ ಕೊಳ್ಳಲು ಉಳಿದದ್ದೇನು? ಬೇಣ, ಬೇಸಾಯವಿಲ್ಲದ ಹಕ್ಕಲು, ಬೀಳುಬಿಟ್ಟ ಗದ್ದೆ, ಹಳೇ ಗೇರು ಗುಡ್ಡ. ಬೇಣ ಅಂದರೆ ಹುಲ್ಲಿಗೆ ಬಿಟ್ಟ ಜಾಗ. ಎಷ್ಟೋ ಮನೆಗಳಲ್ಲಿ ಈಗ ಕೊಟ್ಟಿಗೆಯೇ ಖಾಲಿ. ಹುಲ್ಲು ಕೊಯ್ಯುವವರಿಲ್ಲದೆ ಆ ಬೇಣಗಳಲ್ಲಿ ತಾನಾಗಿಯೇ ಮರ ಏಳುತ್ತಿದೆ. ನಿಮ್ಮಂಥವರು ಹುಡುಕಬೇಕಾದದ್ದು ಇದನ್ನೇ. ನೋಡಲು ಬರೀ ಪೊದೆ, ದರವೂ ತೋಟದಷ್ಟಿಲ್ಲ.

ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಬೆಟ್ಟವನ್ನು ಬಿಡಿಯಾಗಿ ಕೊಳ್ಳಲು ಬಾರದು ನಿಜ, ಆದರೆ ಬೆಟ್ಟದ ಸೌಲಭ್ಯ ತೋಟದ ಜೊತೆಗೇ ಹೋಗುವಂಥದ್ದು. ಅರ್ಧ ಎಕರೆ ಹಳೇ ತೋಟ ಕೊಂಡರೆ ಅದಕ್ಕೆ ಅಂಟಿಕೊಂಡು ನಾಲ್ಕು ಎಕರೆ ಬೆಟ್ಟ ಬಂದೀತು. ನೆಲ ನಿಮ್ಮದಾಗುವುದಿಲ್ಲ, ಮರ ಕಡಿಯುವಂತಿಲ್ಲ, ಮನೆ ಕಟ್ಟುವಂತಿಲ್ಲ. ನಿಮಗೆ ಅದ್ಯಾವುದೂ ಬೇಡವಲ್ಲ! ಕೂತು ಬರಲು ಪಹಣಿ ಯಾಕೆ? ತೋಟವನ್ನು ಊರಿನವರಿಗೇ ನೋಡಿಕೊಳ್ಳಲು ಕೊಟ್ಟು ಬೆಟ್ಟ ಕಾಯುತ್ತ ಇರಬಹುದು.

ಕಾಗದಪತ್ರದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆದ್ದರಿಂದ ನಿಮ್ಮ ನೌಕರಿ ಅಡ್ಡಿಯಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರೇ ಇರಬೇಕು, 11ರಲ್ಲಿ ಸಾಲ, ತಂಟೆ ಇದೆಯೇ ನೋಡಬೇಕು. ಅದೇ ಪಹಣಿಯ 3ನೇ ಕಾಲಂನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಎಷ್ಟೆಂದು ಬರೆದಿರುತ್ತದೆ. ‘ಬ’ ಖರಾಬು ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ನೆಲ. ಎರಡು ಎಕರೆಯಲ್ಲಿ ಹತ್ತು ಗುಂಟೆ ಅದೇ ಇದ್ದರೆ ಅದಕ್ಕೆ ದುಡ್ಡು ಕೊಡಬೇಡಿ. ಸರ್ವೆ ನಂಬರಿನ ತುಂಡು ಕೊಳ್ಳುವುದಾದರೆ ಆ ತುಂಡನ್ನು ಅಳೆದು ಮಾಡುವ 11ಇ ನಕ್ಷೆ ಬೇಕೇ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. ಘಟ್ಟದ ಮೇಲೆ ಬಹಳ ಜಮೀನು ಜಂಟಿ ಖಾತೆಯಲ್ಲಿರುತ್ತದೆ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬಿಟ್ಟು ಮುಂದೆ ಹೋದವರು ಕೋರ್ಟಿನ ಬೆಂಚಿನ ಮೇಲೆ ಕೂತಿರುವುದನ್ನು ಕಂಡಿದ್ದೇನೆ.

ಮಾಲ್ಕಿಯಾದರೂ ಕಾಡಿನ ಕಾನೂನು ತಪ್ಪಿದ್ದಲ್ಲ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ, ಒಡೆತನ ಯಾರದ್ದೇ ಇರಲಿ ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡೇ ಅಂದಿತು. ಪರಿಭಾವಿತ ಅರಣ್ಯ (ಡೀಮ್ಡ್ ಫಾರೆಸ್ಟ್) ಎಂಬ ಪಟ್ಟಿ ಹುಟ್ಟಿದ್ದು ಅಲ್ಲಿಂದ. ನಮ್ಮ ರಾಜ್ಯದಲ್ಲಿ ಅದು 9.94 ಲಕ್ಷ ಹೆಕ್ಟೇರ್ ಇದ್ದದ್ದು 2022ರಲ್ಲಿ ಸುಮಾರು 3.3 ಲಕ್ಷಕ್ಕೆ ಇಳಿಯಿತು. ನೀವು ನೋಡಿದ ಸರ್ವೆ ನಂಬರ್ ಅದರಲ್ಲಿ ಇದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಮರ ಕಡಿಯುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ತೆಂಗು, ಗಾಳಿಮರ, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಡಿಯುವ ಆಸೆಯಿಲ್ಲದ ನಿಮಗೆ ಇದರಿಂದ ನಷ್ಟವೇನೂ ಇಲ್ಲ. ಸಣ್ಣ ಗುಡಿಸಲು, ಕೊಟ್ಟಿಗೆ ಕೃಷಿಯ ಲೆಕ್ಕದಲ್ಲಿ ನಡೆಯುತ್ತದೆ, ಹೋಂಸ್ಟೇ ತಲೆಗೆ ಬಂದರೆ ಭೂಪರಿವರ್ತನೆಗೆ ಓಡಾಡಬೇಕು. ಕರಾವಳಿಯಲ್ಲಿ ನೋಡುವುದಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬೇರೆ. ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ವನದ ಅಂಚು ಎಷ್ಟು ಚೆಂದವೋ ಅಷ್ಟೇ ಕಟ್ಟುಪಾಡು.

ಜಾಗವನ್ನು ಎರಡು ಸಲ ನೋಡಿ: ಜುಲೈಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ. ಚಳಿಗಾಲದಲ್ಲಿ ನೋಡಿದವರಿಗೆ ಇಲ್ಲಿಯ ಎಲ್ಲ ಜಾಗವೂ ಸ್ವರ್ಗ. ಜುಲೈಯಲ್ಲಿ ದಾರಿ ಇದೆಯೋ ಹಳ್ಳ ಇದೆಯೋ ಗೊತ್ತಾಗುತ್ತದೆ, ಇಳಿಜಾರಿನಲ್ಲಿ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನೆಲ ಬಿರುಕು ಬಿಟ್ಟಿದೆ ಅನ್ನುವುದೂ ಕಾಣುತ್ತದೆ. 2021ರಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2024ರಲ್ಲಿ ಅಂಕೋಲಾದ ಶಿರೂರು ಕುಸಿದದ್ದನ್ನು ಕಂಡ ಮೇಲೂ ಕಡಿದಾದ ಗುಡ್ಡಕ್ಕೆ ಜೆಸಿಬಿ ಹತ್ತಿಸುವವರನ್ನು ಕಂಡರೆ ನನಗೆ ಮಾತೇ ಹೊರಡುವುದಿಲ್ಲ. ಏಪ್ರಿಲ್‌ನಲ್ಲಿ ಹೋದರೆ ನೀರಿನ ನಿಜ ಗೊತ್ತಾಗುತ್ತದೆ.

ಇನ್ನು ಕಾಡು ಬೆಳೆಸುವ ವಿಚಾರ. ಕೊಂಡ ಮೊದಲ ವರ್ಷ ಏನೂ ಮಾಡಬೇಡಿ. ಬೆಂಕಿ, ದನ, ಕತ್ತಿ, ಈ ಮೂರನ್ನು ಹೊರಗಿಟ್ಟರೆ ನಮ್ಮ ಮಳೆಗೆ ಉಳಿದದ್ದು ಗೊತ್ತು. ಪ್ರತಿ ವರ್ಷ ಕಡಿಸಿಕೊಂಡು ಮೊಣಕಾಲೆತ್ತರದಲ್ಲೇ ಉಳಿದಿದ್ದ ಮತ್ತಿ, ಹೊನ್ನೆ, ಕವಲು, ನೇರಳೆಗಳ ಬೇರು ನೆಲದೊಳಗೆ ಗಟ್ಟಿಯಾಗಿಯೇ ಇರುತ್ತದೆ. ಎರಡು ಮಳೆಗಾಲ ಬಿಟ್ಟರೆ ಅವು ಆಳೆತ್ತರ. ಒಂದು ಬುಡಕ್ಕೆ ಹತ್ತು ಚಿಗುರು ಬಂದಿದ್ದರೆ ಎರಡನ್ನಿಟ್ಟು ಉಳಿದದ್ದು ತೆಗೆಯಿರಿ. ಯುಪಟೋರಿಯಂ, ಲಂಟಾನದಂಥ ಕಳೆಯನ್ನು ಹೂಬಿಡುವ ಮುನ್ನ ಸವರಿ. ನೆರಳು ಕೂಡಿಕೊಂಡಂತೆ ಅವು ತಾವಾಗಿಯೇ ಸೋಲುತ್ತವೆ.

ನೆಡಲೇಬೇಕು ಅಂತ ಕೈ ತುರಿಸಿದರೆ ಅಕೇಶಿಯಾ ಒಂದನ್ನು ಬಿಡಿ. ಕರಾವಳಿಯ ಗುಡ್ಡಗಳಲ್ಲಿ ಅದು ಸಾಕಷ್ಟಿದೆ, ಅದರಡಿ ಕಿವಿಗೊಟ್ಟರೆ ಹಕ್ಕಿಯ ಸದ್ದಿಲ್ಲ. ಸಹಜ ಕಾಡು ಕಡಿಯುವುದರ, ಒಂದೇ ಜಾತಿಯ ಮರ ನೆಟ್ಟು ಕಾಡೆಂದು ಕರೆಯುವುದರ ವಿರುದ್ಧವೇ 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಮರ ಅಪ್ಪಿ ನಿಂತದ್ದು. ಮುರುಗಲು, ಉಪ್ಪಾಗೆ, ವಾಟೆ, ರಾಮಪತ್ರೆ, ಸುರಗಿ, ದಾಲ್ಚಿನ್ನಿ ನೆಡಿ. ಮುರುಗಲಿನಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ, ಬೀಜದ ಸಸಿಯಾದರೆ ಹೂ ಬಿಡುವವರೆಗೆ ಯಾವುದೆಂದು ತಿಳಿಯದು. ಬೆಳೆಗಾರರು ಅದಕ್ಕೇ ಕಸಿ ಗಿಡ ತರುತ್ತಾರೆ. ನಿಮಗೆ ಹತ್ತು ಬೀಜದ ಸಸಿ ಸಾಕು. ಅರ್ಧ ಗಂಡಾದರೂ ಉಳಿದರ್ಧದಿಂದ ಮೇ ತಿಂಗಳಲ್ಲಿ ಮನೆಮಂದಿಗೆಲ್ಲ ಪಾನಕವಾಗುತ್ತದೆ.

ಕೂತು ಬರುವ ಸುಖದ ಬಗ್ಗೆಯೂ ಎರಡು ಮಾತು, ಏಕೆಂದರೆ ಇಲ್ಲಿಯ ಕಾಡು ವರ್ಷವಿಡೀ ಕೂರಗೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಂಬಳ (ಜಿಗಣೆ). ಅದು ಅಪಾಯವಲ್ಲ, ಸುಣ್ಣ ಹಚ್ಚಿಕೊಂಡು ನಗುತ್ತ ಹೋಗಬಹುದು. ಹೆದರಬೇಕಾದದ್ದು ಮಂಗನ ಕಾಯಿಲೆ ಹರಡುವ ಉಣುಗಿಗೆ (ಉಣ್ಣೆಗೆ). ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಸಿದ್ದಾಪುರದ ಕಡೆ ಈಚಿನ ವರ್ಷಗಳಲ್ಲೂ ಜೀವ ತೆಗೆದಿದೆ. ಡಿಸೆಂಬರ್‌ನಿಂದ ಮೇವರೆಗೆ ದರಕಿನ ಮೇಲೆ ಅಂಗಾತ ಮಲಗುವ ಕನಸು ಬೇಡ. ತುಂಬು ತೋಳಿನ ಅಂಗಿ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ.

ಇವೆಲ್ಲದರ ನಡುವೆ ಅಕ್ಟೋಬರ್, ನವೆಂಬರ್ ಇದೆಯಲ್ಲ, ಮಳೆ ನಿಂತು ಹಳ್ಳ ಇನ್ನೂ ಹರಿಯುತ್ತಿರುವ ಹೊತ್ತು, ಆಗ ಬನ್ನಿ. ಇನ್ನೂ ದನ ಇಟ್ಟುಕೊಂಡಿರುವ ಊರಿನವರು ಸಸಿ ಬಿಟ್ಟು ಹೊರೆ ಹುಲ್ಲು ಕೊಯ್ಯಲು ನಿಮ್ಮ ಬೇಣಕ್ಕೆ ಬಂದರೆ ಬೇಡ ಅನ್ನಬೇಡಿ. ಅವರ ಕಣ್ಣೇ ನಿಮ್ಮ ಬೇಲಿ. ಗೇಟಿಗೆ ಬೀಗ, ‘ಖಾಸಗಿ ಆಸ್ತಿ’ ಬೋರ್ಡು ಹಾಕಿದವರ ಜಾಗಕ್ಕೆ ಬೆಂಕಿ ಬಿದ್ದಾಗ ಫೋನ್ ಮಾಡುವವರೂ ಇರುವುದಿಲ್ಲ.

ತಿಂಗಳಿಗೊಮ್ಮೆ ಬರಲು ಆಗದಿದ್ದರೂ ಜನವರಿ ಕೊನೆಗೊಮ್ಮೆ ತಪ್ಪಿಸಬೇಡಿ. ಇಬ್ಬರು ಆಳು ಹಿಡಿದು, ಜಾಗದ ಸುತ್ತ ಎರಡು ಮಾರಗಲ ದರಕು ಗುಡಿಸಿ ಬೆಂಕಿಗೆರೆ ಮಾಡಿಸಿ. ಗುಡಿಸಿದ ದರಕನ್ನು ಸುಡದೆ ಪಕ್ಕದ ತೋಟದವರಿಗೆ ಕೊಡಿ. ಅವರೇ ಗಾಡಿ ತಂದು ಒಯ್ಯುತ್ತಾರೆ, ಮುಂದಿನ ವರ್ಷ ನೀವು ಬರುವ ಮೊದಲೇ ಗುಡಿಸಿಟ್ಟಿರಲೂಬಹುದು.