ನೆಲಜೀರುಂಡೆ: ಹೆಸರು, ವರ್ಗೀಕರಣ ಮತ್ತು ಬದುಕು

ಕನ್ನಡದಲ್ಲಿ ‘ಜೀರುಂಡೆ’ ಎಂಬ ಮಾತು ಯಾವುದೋ ಒಂದೇ ಕೀಟಕ್ಕೆ ಕಟ್ಟುಬಿದ್ದುದಲ್ಲ. ಹಗಲು ಹೊತ್ತಿನಲ್ಲಿ ಮರಕ್ಕೆ ಅಂಟಿಕೊಂಡು ಕಿವಿಗಡಚಿಕ್ಕುವಂತೆ ಕೂಗುವ ಸಿಕಾಡವನ್ನು ಹಾಗೆ ಕರೆಯುವವರಿದ್ದಾರೆ, ಗಟ್ಟಿ ರೆಕ್ಕೆಯ ದುಂಬಿಯನ್ನು ಹಾಗೆ ಕರೆಯುವವರೂ ಇದ್ದಾರೆ. ಇರುಳಿನಲ್ಲಿ ಹುಲ್ಲಿನ ಬುಡದಿಂದ ಸದ್ದು ಹೊರಡಿಸುವ, ಮಿಡತೆಗೆ ನೆಂಟನಾದ ಕ್ರಿಕೆಟ್ ಕೀಟಕ್ಕೂ ಅದೇ ಹೆಸರು ಸಲ್ಲುತ್ತದೆ. ಈ ಬರಹದ ಮಟ್ಟಿಗೆ ‘ನೆಲಜೀರುಂಡೆ’ ಎಂದರೆ ಮೂರನೆಯ ಬಗೆಯ ಕೀಟಗಳಲ್ಲಿಯೇ ತೀರ ಚಿಕ್ಕದಾದ, ತರಗೆಲೆಯ ಅಡಿಯಲ್ಲೋ ಹುಲ್ಲಿನ ಬೇರಿನ ಬಳಿಯಲ್ಲೋ ಬಾಳುವ ಒಂದು ಗುಂಪು ಎಂದಿಟ್ಟುಕೊಳ್ಳೋಣ. ಇವುಗಳಲ್ಲಿ ಹೆಚ್ಚಿನವು ಸುಮಾರು ಒಂದು ಸೆಂಟಿಮೀಟರು ಉದ್ದವಿರುತ್ತವೆ. ಒಣಗಿದ ಎಲೆಯೊಂದನ್ನು ಎತ್ತಿದಾಗ ಕಂದುಬಣ್ಣದ ಚುಕ್ಕೆಯೊಂದು ಚಿಮ್ಮಿ, ಅದು ಎಲ್ಲಿ ಬಿತ್ತೆಂದು ಹುಡುಕುವಷ್ಟರಲ್ಲಿ ಇನ್ನೊಂದು ಎಲೆಯಡಿ ನುಸುಳಿಬಿಟ್ಟಿದ್ದರೆ, ಅದು ಇದೇ ಕೀಟವಾಗಿರುವ ಸಂಭವ ಹೆಚ್ಚು.

ಶಾಸ್ತ್ರದ ಲೆಕ್ಕದಲ್ಲಿ ಇವು ಮಿಡತೆ, ಜೀರುಂಡೆಗಳೆಲ್ಲ ಸೇರುವ ಆರ್ಥಾಪ್ಟೆರಾ ಗಣದ ಎನ್ಸಿಫೆರಾ ಉಪಗಣಕ್ಕೆ ಸೇರುತ್ತವೆ. ಗುಂಪಿನ ಹೆಸರು ನೆಮೋಬಿಯಿನೇ; ಇದನ್ನು 1877ರಲ್ಲಿ ಗುರುತಿಸಿದವನು ಸ್ವಿಟ್ಜರ್ಲೆಂಡಿನ ಕೀಟತಜ್ಞ ಆನ್ರಿ ದ ಸೊಸ್ಯೂರ್. ಬಹುಕಾಲ ಇದನ್ನು ಗ್ರಿಲಿಡೇ ಎಂಬ ದೊಡ್ಡ ಕುಟುಂಬದ ಒಂದು ಕವಲೆಂದೇ ಎಣಿಸಲಾಗುತ್ತಿತ್ತು. ಇಂದಿನ ವರ್ಗೀಕರಣದಲ್ಲಿ ಅದನ್ನು ಅಲ್ಲಿಂದ ತೆಗೆದು, ಗಿಡಗಂಟಿಗಳ ಮೇಲೆ ಬದುಕುವ ಟ್ರೈಗೊನಿಡಿಯಿನೇ ಎಂಬ ಇನ್ನೊಂದು ಉಪಕುಟುಂಬದ ಜೊತೆಗೂಡಿಸಿ ಟ್ರೈಗೊನಿಡಿಡೇ ಕುಟುಂಬದಲ್ಲಿ ಇರಿಸಿದ್ದಾರೆ. ನೋಟಕ್ಕೆ ಅಷ್ಟಾಗಿ ಹೋಲದ ಈ ಎರಡನ್ನೂ ಒಂದೇ ಮನೆಯಲ್ಲಿ ಇರಿಸಿದ್ದು ಸರಿಯೇ ಎಂಬ ಸಂದೇಹ ಬಂದರೆ, ಡಿಎನ್‌ಎ ಹೋಲಿಕೆಯಿಂದ ಕಟ್ಟಿದ ವಂಶವೃಕ್ಷವೂ ಇದೇ ನೆಂಟಸ್ತಿಕೆಯನ್ನು ಎತ್ತಿಹಿಡಿಯುತ್ತದೆ ಎಂಬುದನ್ನು ಗಮನಿಸಬೇಕು.

ಎರಡು ಉಪಕುಟುಂಬಗಳನ್ನು ಬೇರ್ಪಡಿಸಲು ಭೂತಗನ್ನಡಿ ಹಿಡಿದು ಕಾಲಿನ ತುದಿಯನ್ನು ನೋಡಬೇಕು. ಪಾದದ ಮೂರು ಗೆಣ್ಣುಗಳಲ್ಲಿ ನಡುವಿನದು ಟ್ರೈಗೊನಿಡಿಯಿನೇಗಳಲ್ಲಿ ಅಗಲವಾಗಿ, ಚಪ್ಪಟೆಯಾಗಿ, ಹೃದಯದ ಆಕಾರದಲ್ಲಿರುತ್ತದೆ. ಎಲೆಯ ಮೇಲೆ ನಡೆಯುವವಕ್ಕೆ ಅದು ಒಪ್ಪುವಂಥದೇ. ನೆಲಜೀರುಂಡೆಗಳಲ್ಲಿ ಅದೇ ಗೆಣ್ಣು ಸಣ್ಣದು, ಎರಡೂ ಪಕ್ಕಗಳಿಂದ ಅದುಮಿದಂತಿರುವುದು. ಹಿಂಗಾಲಿನ ಕೆಳಭಾಗದಲ್ಲಿ ಉದ್ದುದ್ದನೆಯ ಮುಳ್ಳುಗಳಿದ್ದು, ಅವು ಬುಡದಲ್ಲಿ ಅಲುಗಾಡುತ್ತವೆ. ತಲೆಯ ಮೇಲೂ ಎದೆಯ ಮೇಲೂ ಗಡುಸಾದ ಕೂದಲುಗಳಿರುತ್ತವೆ. ಹೆಣ್ಣಿನ ಹಿಂಬದಿಯಿಂದ ಹೊರಚಾಚಿರುವ, ಮೊಟ್ಟೆಯನ್ನು ಮಣ್ಣಿಗೆ ಇಳಿಸುವ ನಳಿಕೆಯು ಸೂಜಿಯಂತೆ ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ಟ್ರೈಗೊನಿಡಿಯಿನೇಗಳಲ್ಲಿ ಅದು ಕತ್ತಿಯಂತೆ ಮೇಲಕ್ಕೆ ಬಾಗಿರುತ್ತದೆ.

ಕುಲಗಳ ಹೆಸರುಗಳಲ್ಲಿ ಒಂದು ಸ್ವಾರಸ್ಯವಿದೆ. ‘ನೆಮೋಬಿಯಸ್’ ಎಂದರೆ ಗ್ರೀಕಿನಲ್ಲಿ ತೋಪಿನಲ್ಲಿ ಬಾಳುವುದು ಎಂದರ್ಥ. 1838ರಲ್ಲಿ ಫ್ರೆಂಚ್ ಕೀಟತಜ್ಞ ಸೆರ್ವಿಲ್ ಈ ಹೆಸರನ್ನಿಟ್ಟಾಗ ಮುಂದಿದ್ದುದು ಯೂರೋಪಿನ ಕಾಡುಗಳ ತರಗೆಲೆಯಲ್ಲಿ ಸಿಗುವ ನೆಮೋಬಿಯಸ್ ಸಿಲ್ವೆಸ್ಟ್ರಿಸ್ ಎಂಬ ಹಾರಲಾರದ ಕೀಟ, ಹೀಗಾಗಿ ಹೆಸರು ಹೊಂದಿಕೊಂಡಿತು. ಆ ಬಳಿಕ ಬಂದವರು ಹೊಸ ಕುಲಗಳನ್ನು ಒಡೆದಾಗಲೆಲ್ಲ ಅದೇ ಬಾಲಕ್ಕೆ ಬೇರೆ ಬೇರೆ ತಲೆಗಳನ್ನು ಜೋಡಿಸುತ್ತ ಹೋದರು: ಟೆರೊನೆಮೋಬಿಯಸ್, ಅಲ್ಲೊನೆಮೋಬಿಯಸ್, ಡಯಾನೆಮೋಬಿಯಸ್, ಪೋಲಿಯೊನೆಮೋಬಿಯಸ್. ತೋಪನ್ನೇ ಕಾಣದ ಕೀಟಗಳೂ ಹೀಗೆ ‘ತೋಪಿನವು’ ಆದವು.

ಆದರೆ ನೆಲಜೀರುಂಡೆಗಳಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರೆಯೆಂದು ತಿಳಿಯಲು ಮುಳ್ಳು, ಗೆಣ್ಣುಗಳಷ್ಟೇ ಸಾಲವು; ಬಹಳ ಸಲ ಕಣ್ಣಿಗಿಂತ ಮೊದಲು ಕಿವಿಯೇ ಆ ಕೆಲಸವನ್ನು ಮಾಡಿದೆ. ಗಂಡು ತನ್ನ ಮುಂರೆಕ್ಕೆಗಳನ್ನು ತುಸು ಮೇಲೆತ್ತಿ ಒಂದರ ಮೇಲೊಂದು ಉಜ್ಜುತ್ತದೆ. ಮೇಲಿರುವ ಬಲರೆಕ್ಕೆಯ ಕೆಳಮೈಯಲ್ಲಿ ಹಲ್ಲುಗಳ ಸಾಲೊಂದಿದ್ದು, ಎಡರೆಕ್ಕೆಯ ಗಡುಸಾದ ಅಂಚು ಅದರ ಮೇಲೆ ಹಾಯುವಾಗ ಒಂದು ಮಿಡಿತ ಹೊರಡುತ್ತದೆ. ಕೇಳುವ ಕಿವಿ ಮುಂಗಾಲಿನಲ್ಲಿ, ಮೊಣಕಾಲಿಗೆ ತುಸು ಕೆಳಗೆ ಇರುತ್ತದೆ. ರೆಕ್ಕೆ ಚಿಕ್ಕದಾದಷ್ಟೂ ಸ್ವರ ಮೇಲೇರುತ್ತದೆ. ದೊಡ್ಡ ಹೊಲದ ಜೀರುಂಡೆಗಳ ದನಿ ನಾಲ್ಕೈದು ಕಿಲೋಹರ್ಟ್ಸ್‌ನಲ್ಲಿ ಇದ್ದರೆ ಇವುಗಳದು ಸಾಮಾನ್ಯವಾಗಿ ಅದಕ್ಕಿಂತ ಮೇಲಿರುತ್ತದೆ. ವಯಸ್ಸಾದವರ ಕಿವಿಗೆ ಮೊದಲು ದೂರವಾಗುವುದು ಇಂಥ ಮೇಲಿನ ಸ್ವರಗಳೇ.

ಉತ್ತರ ಅಮೆರಿಕದ ಅಲ್ಲೊನೆಮೋಬಿಯಸ್ ಫ್ಯಾಸಿಯೇಟಸ್ ಎಂಬ ಪಟ್ಟೆಪಟ್ಟೆಯ ನೆಲಜೀರುಂಡೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1773ರಲ್ಲಿ ಸ್ವೀಡನ್ನಿನ ಕೀಟತಜ್ಞ ದ ಗೇರ್ ಹೆಸರಿಸಿದ ಈ ಕೀಟವನ್ನು ಬಹುಕಾಲ ಒಂದೇ ಪ್ರಭೇದವೆಂದು ನಂಬಲಾಗಿತ್ತು. 1930ರ ದಶಕದಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ಕೀಟತಜ್ಞ ಫುಲ್ಟನ್, ಒದ್ದೆ ಹುಲ್ಲುಗಾವಲಿನಲ್ಲಿ ಹಾಡುವವಕ್ಕೂ ಒಣ ಓಕ್ ಕಾಡಿನ ತರಗೆಲೆಯಲ್ಲಿ ಹಾಡುವವಕ್ಕೂ ಲಯದಲ್ಲಿ ವ್ಯತ್ಯಾಸವಿದೆಯೆಂದು ಗುರುತಿಸಿದ. ಎರಡನ್ನೂ ಕೂಡಿಸಿ ಬೆಳೆಸಿದಾಗ ಮಿಶ್ರ ಸಂತತಿಯ ಹಾಡು ಎರಡಕ್ಕೂ ನಡುವಿನದಾಗಿತ್ತು. ಆಗ ಅವನ್ನು ಉಪಪ್ರಭೇದಗಳೆಂದಷ್ಟೇ ಕರೆಯಲಾಯಿತು. 1959ರಲ್ಲಿ ಅಲೆಕ್ಸಾಂಡರ್ ಮತ್ತು ಥಾಮಸ್ ಅವು ಪ್ರತ್ಯೇಕ ಪ್ರಭೇದಗಳೇ ಎಂದು ತೋರಿಸಿ, ಅಲ್ಲಾರ್ಡಿ ಎಂಬ ಇನ್ನೊಂದನ್ನೂ ಹೆಸರಿಸಿದರು.

ಕಿವಿಗೂ ಮಿತಿಯಿದೆ. ಅದೇ ಗುಂಪಿನ ಫ್ಯಾಸಿಯೇಟಸ್ ಮತ್ತು ಸೋಸಿಯಸ್ ಎಂಬೆರಡು ಪ್ರಭೇದಗಳು ರೂಪದಲ್ಲಿಯೂ ಹಾಡಿನಲ್ಲಿಯೂ ಬಹಳ ಹತ್ತಿರ. 1980ರ ದಶಕದಲ್ಲಿ ಡೇನಿಯಲ್ ಹೋವರ್ಡ್ ಕಿಣ್ವಗಳ ಹೋಲಿಕೆಯಿಂದ ಅವನ್ನು ಬೇರ್ಪಡಿಸಬೇಕಾಯಿತು. ಒಂದು ಉತ್ತರದ್ದು, ಇನ್ನೊಂದು ದಕ್ಷಿಣದ್ದು. ನಡುವಿನ ಪಟ್ಟಿಯಲ್ಲಿ ಎರಡೂ ಬೆರೆಯುತ್ತವೆ. ಹೆಣ್ಣು ಎರಡೂ ಪ್ರಭೇದಗಳ ಗಂಡುಗಳೊಡನೆ ಕೂಡಿದರೂ ಅದರ ಮೊಟ್ಟೆಗಳಲ್ಲಿ ಹೆಚ್ಚಿನವು ಸ್ವಂತ ಪ್ರಭೇದದ ವೀರ್ಯದಿಂದಲೇ ಫಲಿಸುತ್ತವೆ. ಆಯ್ಕೆ ಹಾಡಿನಲ್ಲಿ ನಡೆಯದಿದ್ದರೆ ಒಡಲೊಳಗೆ ನಡೆಯುತ್ತದೆ ಎನ್ನಬಹುದು.

ಹಾಡಿನ ವೇಗ ಗಾಳಿಯ ಬಿಸಿಯನ್ನು ಹಿಂಬಾಲಿಸುತ್ತದೆ. ಭೌತವಿಜ್ಞಾನಿ ಜಾರ್ಜ್ ಪಿಯರ್ಸ್ ಅಳೆದ ಪ್ರಕಾರ ಪಟ್ಟೆ ನೆಲಜೀರುಂಡೆಯು ಸುಮಾರು 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 15ರ ಆಸುಪಾಸಿನಲ್ಲಿ ಮಿಡಿದರೆ, 31 ಡಿಗ್ರಿಯ ಹತ್ತಿರ 20ಕ್ಕೆ ಏರುತ್ತದೆ. ಸಂಖ್ಯಾಶಾಸ್ತ್ರ ಓದಿದ ಅನೇಕರಿಗೆ ಈ ಕೀಟದ ಪರಿಚಯವಿರುವುದು ಪಠ್ಯಪುಸ್ತಕದಲ್ಲಿ ಸರಳರೇಖೆ ಎಳೆಯಲು ಕೊಟ್ಟ ಆ ಅಂಕಿಗಳ ಮೂಲಕವೇ.

ಬದುಕಿನ ಸುತ್ತು ಮೊಟ್ಟೆ, ಮರಿ, ಪ್ರೌಢ ಎಂಬ ಮೂರೇ ಹಂತಗಳದು. ಚಿಟ್ಟೆಗಿರುವಂತೆ ಕೋಶಾವಸ್ಥೆ ಇಲ್ಲ, ಮರಿ ಮೊದಲಿನಿಂದಲೂ ತಾಯಿತಂದೆಯಂತೆಯೇ ಕಾಣುತ್ತದೆ. ಕೊಳೆಯುತ್ತಿರುವ ಎಲೆ, ಬೂಷ್ಟು, ಚಿಗುರು, ಸತ್ತ ಕೀಟ, ಎಲ್ಲವೂ ಆಹಾರವೇ. ಚಳಿಯ ನಾಡುಗಳಲ್ಲಿ ಬಹುಪಾಲು ಪ್ರಭೇದಗಳು ಮೊಟ್ಟೆಯಾಗಿಯೇ ಚಳಿಗಾಲವನ್ನು ಕಳೆಯುತ್ತವೆ. ಯೂರೋಪಿನ ಉತ್ತರ ಭಾಗದ ನೆಮೋಬಿಯಸ್ ಸಿಲ್ವೆಸ್ಟ್ರಿಸ್‌ಗೆ ಮಾತ್ರ ಒಂದು ಸುತ್ತಿಗೆ ಎರಡು ವರ್ಷ ಬೇಕು: ಮೊದಲ ಚಳಿಗಾಲ ಮೊಟ್ಟೆಯಲ್ಲಿ, ಎರಡನೆಯದು ಮರಿಯಾಗಿ. ಜಪಾನಿನ ಡಯಾನೆಮೋಬಿಯಸ್ ನೈಗ್ರೊಫ್ಯಾಸಿಯೇಟಸ್‌ನಲ್ಲಿ ಮುಂದಿನ ಪೀಳಿಗೆಯ ಹಣೆಬರಹವನ್ನು ತಾಯಿ ಕಂಡ ಹಗಲಿನ ಉದ್ದ ನಿರ್ಧರಿಸುತ್ತದೆ. ಹಗಲು ಕಿರಿದಾದ ದಿನಗಳಲ್ಲಿ ಅದು ಇಡುವ ಮೊಟ್ಟೆಗಳು ಬೆಳವಣಿಗೆಯನ್ನು ತಡೆದು ನಿಲ್ಲುತ್ತವೆ, ಹಗಲು ದೀರ್ಘವಿದ್ದಾಗಿನವು ನೇರವಾಗಿ ಮರಿಯಾಗುತ್ತವೆ. ಒಂದೇ ಪ್ರಭೇದದಲ್ಲಿ ಉದ್ದರೆಕ್ಕೆಯ, ಹಾರಬಲ್ಲ ಕೀಟಗಳೂ ಗಿಡ್ಡರೆಕ್ಕೆಯವೂ ಇರುವುದುಂಟು.

ಶತ್ರುಗಳಲ್ಲಿ ವಿಚಿತ್ರವಾದದ್ದು ಕೂದಲಿನಂಥ ಒಂದು ಪರಾವಲಂಬಿ ಹುಳು. ದಕ್ಷಿಣ ಫ್ರಾನ್ಸಿನಲ್ಲಿ ನೆಮೋಬಿಯಸ್ ಸಿಲ್ವೆಸ್ಟ್ರಿಸ್‌ನ ಒಡಲೊಳಗೆ ಬೆಳೆಯುವ ಪ್ಯಾರಗಾರ್ಡಿಯಸ್ ಹುಳು ಬಲಿತಾಗ, ನೀರಿನ ಹಂಗೇ ಇಲ್ಲದ ಈ ಕೀಟ ರಾತ್ರಿ ಹೊತ್ತು ಹೊರಬಿದ್ದು ನೀರಿಗೆ ಹಾರುತ್ತದೆ. ಕೀಟದ ಮೈಗಿಂತ ಎಷ್ಟೋ ಪಟ್ಟು ಉದ್ದದ ಹುಳು ಅಲ್ಲಿ ಸುರುಳಿ ಬಿಚ್ಚಿಕೊಂಡು ಈಜಿ ಹೋಗುತ್ತದೆ.

ತೋಪಿನಿಂದ ದೂರ ಹೋದವುಗಳ ಮಾತು ಇನ್ನೂ ಉಳಿದಿದೆ. ಜಪಾನಿನ ಕಾಂಡ್ಲಾ ಕಾಡಿನ ಕೆಸರಿನ ಮೇಲೆ ಬದುಕುವ ಆಪ್ಟೆರೊನೆಮೋಬಿಯಸ್ ಅಸಾಹಿನಾಯ್‌ಗೆ ರೆಕ್ಕೆಯೇ ಇಲ್ಲ, ಆದ್ದರಿಂದ ಹಾಡೂ ಇಲ್ಲ. ಸಮುದ್ರ ಇಳಿದಾಗ ಅದು ಕೆಸರಿಗಿಳಿದು ಮೇಯುತ್ತದೆ. ಪ್ರಯೋಗಾಲಯದ ನಿರಂತರ ಕತ್ತಲಲ್ಲಿ, ನೀರಿನ ಏರಿಳಿತದ ಸುಳಿವೇ ಇಲ್ಲದಿದ್ದರೂ, ಅದರ ಓಡಾಟ ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಏರಿ ಇಳಿಯುತ್ತದೆ. ಹವಾಯಿ ದ್ವೀಪದ ಕಾಕೊನೆಮೋಬಿಯಸ್ ಫೋರಿಯಂತೂ ಕಿಲಾವೆಯಾ ಜ್ವಾಲಾಮುಖಿಯ ಲಾವಾ ತಣಿದ ಕೆಲವೇ ತಿಂಗಳಲ್ಲಿ, ಒಂದು ಗಿಡವೂ ಹುಟ್ಟುವ ಮುನ್ನ, ಆ ಕರಿಬಂಡೆಯ ಬಿರುಕುಗಳಲ್ಲಿ ನೆಲೆಸುತ್ತದೆ. ಹಗಲೆಲ್ಲ ಒಳಗಿದ್ದು ಇರುಳು ಹೊರಬಂದು, ಗಾಳಿ ತಂದು ಹಾಕಿದ ಕಸಕಡ್ಡಿಯನ್ನು ತಿನ್ನುತ್ತದೆ. ಮುಂದೆ ಬಂಡೆಯ ಮೇಲೆ ಹಸಿರು ಹಬ್ಬಿ ತೋಪು ಬೆಳೆಯತೊಡಗಿದಂತೆ ‘ತೋಪಿನಲ್ಲಿ ಬಾಳುವ’ ಈ ಕೀಟ ಅಲ್ಲಿಂದ ಕಣ್ಮರೆಯಾಗುತ್ತದೆ.