ಅಂಚಿನ ಬರಹ ಉಲ್ಟಾ ಇದ್ದರೆ ಅದು ಟಂಕಸಾಲೆಯ ತಪ್ಪಲ್ಲ

ಅಮೆರಿಕದಿಂದ ರಜೆಗೆ ಬಂದ ಮಕ್ಕಳು ಕೊಟ್ಟ ಹೊಂಬಣ್ಣದ ಡಾಲರ್ ನಾಣ್ಯ ಹಿಡಿದು ಬರುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ಸಾರ್, ಅಂಚಿನ ಅಕ್ಷರ ತಲೆಕೆಳಗಾಗಿದೆ, ಲಕ್ಷಗಟ್ಟಲೆ ಬರುತ್ತಂತೆ." ಬರುವುದಿಲ್ಲ. ಮುಖಬೆಲೆಯಷ್ಟೇ.

ಕಾರಣ ಇಷ್ಟು. 2007ರಲ್ಲಿ ಅಮೆರಿಕದ ಅಧ್ಯಕ್ಷರ ಚಿತ್ರವಿರುವ ಡಾಲರ್ ನಾಣ್ಯಗಳ ಸರಣಿ ಶುರುವಾದಾಗ ಇಸವಿ, ಟಂಕಸಾಲೆಯ ಗುರುತು, ಧ್ಯೇಯವಾಕ್ಯಗಳು ಅಂಚಿಗೆ ಹೋದವು. ಎರಡು ಮುಖಗಳ ಅಚ್ಚು ಬೀಳುವುದು ಒಂದು ಯಂತ್ರದಲ್ಲಿ, ಅಂಚಿನ ಬರಹ ಆಮೇಲೆ ಬೇರೊಂದರಲ್ಲಿ. ಎರಡನೇ ಯಂತ್ರಕ್ಕೆ ಹೋಗುವಾಗ ನಾಣ್ಯ ಅಂಗಾತ ಇದೆಯೋ ಕವುಚಿದೆಯೋ ಎಂದು ಯಾರೂ ನೋಡಿ ಜೋಡಿಸುವುದಿಲ್ಲ. ಹಾಗಾಗಿ ಸುಮಾರು ಅರ್ಧದಷ್ಟು ನಾಣ್ಯಗಳಲ್ಲಿ ಬರಹ ನೆಟ್ಟಗೆ, ಉಳಿದರ್ಧದಲ್ಲಿ ಉಲ್ಟಾ. ನಂಬಿಕೆ ಬರದಿದ್ದರೆ ಇಪ್ಪತ್ತು ನಾಣ್ಯಗಳನ್ನು ಮುಖ ಮೇಲೆ ಮಾಡಿ ಇಟ್ಟು ನೀವೇ ಎಣಿಸಿ.

ನಿಜವಾದ ತಪ್ಪೆಂದರೆ ಅಂಚಿನಲ್ಲಿ ಬರಹವೇ ಇಲ್ಲದಿರುವುದು. 2007ರ ವಾಷಿಂಗ್ಟನ್ ಡಾಲರ್ ಸುಮಾರು 34 ಕೋಟಿ ಅಚ್ಚಾಯಿತು. ಅದರಲ್ಲಿ ಸಾವಿರಾರು ನಾಣ್ಯಗಳು ಎರಡನೇ ಯಂತ್ರ ಕಾಣದೆಯೇ ಹೊರಬಿದ್ದವು. ಅಂಥದ್ದಕ್ಕೆ ಮುಖಬೆಲೆಯ ಹಲವು ಪಟ್ಟು ಸಿಗುತ್ತದೆ. ಆದರೆ ಇಲ್ಲೂ ಆತುರ ಬೇಡ. ಇದೇ ಬಣ್ಣ, ಇದೇ ಅಳತೆಯ ಸಕಗಾವೆಯಾ ಡಾಲರ್‌ಗೆ (ಸಕಗಾವೆಯಾ ಎಂಬ ಆದಿವಾಸಿ ಮಹಿಳೆಯ ಚಿತ್ರವಿರುವುದು) 2000ರಿಂದ 2008ರವರೆಗೆ ನುಣ್ಣನೆಯ ಅಂಚೇ ಸಹಜ, ಬರಹ ಬಂದದ್ದು 2009ರಿಂದ. ಅಂಚು ಉಜ್ಜಿ ಅಕ್ಷರ ಅಳಿಸಿ ಮಾರುವವರೂ ಇದ್ದಾರೆ. ವರ್ನಿಯರ್ ಅಳತೆಪಟ್ಟಿಯಲ್ಲಿ ವ್ಯಾಸ 26.5 ಮಿ.ಮೀ., ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ 8.1 ಗ್ರಾಂ ಆಸುಪಾಸು ಇರಬೇಕು. ಉಜ್ಜಿದ ನಾಣ್ಯ ಅಳತೆಯಲ್ಲಿ ಸಿಕ್ಕಿಬೀಳುತ್ತದೆ, ಅಂಚಿನ ಮೇಲೆ ಗೀರುಗಳೂ ಕಾಣುತ್ತವೆ. ಫೋಟೋ ಮಾತ್ರ ನೋಡಿ ನಾನಂತೂ ಬೆಲೆ ಹೇಳುವುದಿಲ್ಲ.

ಬಣ್ಣ ನೋಡಿ ಚಿನ್ನ ಎನ್ನುವವರಿಗೆ: ಇದು 88.5% ತಾಮ್ರ, 6% ಸತು, 3.5% ಮ್ಯಾಂಗನೀಸ್, 2% ನಿಕ್ಕಲ್. ಫಿಲಡೆಲ್ಫಿಯಾದಲ್ಲಿ 2000ರಲ್ಲಿ ಅಚ್ಚಾದ ಸಕಗಾವೆಯಾ ಒಂದೇ 76 ಕೋಟಿ ದಾಟಿದೆ. ಆ ವರ್ಷದ್ದರಲ್ಲಿ ಹುಡುಕಬೇಕಾದದ್ದು ಚೀರಿಯೋಸ್ ತಿನಿಸಿನ ಡಬ್ಬಿಗಳ ಜೊತೆ ಹಂಚಿದ 5,500ರ ಪೈಕಿ, ಹಿಂಬದಿಯ ಹದ್ದಿನ ಬಾಲದ ಗರಿಗಳಲ್ಲಿ ಎಳೆಎಳೆ ಸ್ಪಷ್ಟವಾಗಿರುವ ನಾಣ್ಯ. ಅದಕ್ಕೆ ಸಾವಿರಾರು ಡಾಲರ್ ಇದೆ. ಭೂತಗನ್ನಡಿ ಹಿಡಿದು ಬಾಲ ನೋಡಿ.

ಇನ್ನು ಹಳೆಯ ಬೆಳ್ಳಿಬಣ್ಣದ ಡಾಲರ್‌ಗಳು. ಸೂಸನ್ ಆಂಥೊನಿಯ ಚಿತ್ರವಿರುವುದರಲ್ಲಿ ಹೇಳುವಂಥದ್ದು ಕಡಿಮೆ. ಅಧ್ಯಕ್ಷ ಐಸೆನ್‌ಹೋವರ್ ಚಿತ್ರದ ದೊಡ್ಡ ಡಾಲರ್ ಸಿಕ್ಕರೆ ತೂಗಿ: 22.68 ಗ್ರಾಂ ಇದ್ದರೆ ತಾಮ್ರ-ನಿಕ್ಕಲ್, 24.59 ಇದ್ದರೆ 40% ಬೆಳ್ಳಿ. ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಎಸ್ (S) ಗುರುತು ಕಂಡ ಮಾತ್ರಕ್ಕೆ ಬೆಳ್ಳಿ ಎನ್ನಬೇಡಿ, ಎಸ್ ಗುರುತಿದ್ದೂ ಬೆಳ್ಳಿಯಿಲ್ಲದವು ಬೇಕಾದಷ್ಟಿವೆ.

ತೋರಿಸಲು ತರುವ ಮುಂಚೆ ದಯವಿಟ್ಟು ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಬೇಡಿ. ಕಂದಿದ ನಾಣ್ಯ ಸಂಗ್ರಾಹಕರಿಗೆ ಒಪ್ಪಿಗೆ. ತಿಕ್ಕಿ ಮೂಲ ಹೊಳಪು ಕಳೆದುಕೊಂಡದ್ದನ್ನು, ಅದು ಅಪರೂಪದ್ದಾಗಿದ್ದರೂ, ಅರ್ಧ ಬೆಲೆಗೂ ಕೇಳುವವರು ಕಡಿಮೆ.